ಜುಲೈ ಹದಿನೇಳರಂದು ಕತ್ತರಿಸಿದ ಹುಲ್ಲು

ನಮ್ಮ ಸರ್ಕಾರಿ ಕೃಷಿ ಕಚೇರಿಯ ಮುಂದೆ ಗಾಡಿ ನಿಲ್ಲಿಸಲು ಹನ್ನೊಂದು ಜಾಗಗಳಿದ್ದವು. ಮೂವತ್ತೊಂದು ವರ್ಷ ಆ ಕಿಟಕಿಯ ಹಿಂದೆ ಕೂತು ನೋಡಿದ್ದೇನೆ, ಹನ್ನೊಂದೂ ತುಂಬಿದ್ದು ಒಂದು ದಿನವೂ ಇಲ್ಲ. ರೈತರು ಬರುತ್ತಿರಲಿಲ್ಲವೇ? ಬರದೆ ಎಲ್ಲಿ ಹೋಗುತ್ತಾರೆ! ಇಡೀ ಕೌಂಟಿಯ ರೈತರಿಗೆ ಸರ್ಕಾರದ ಸಹಾಯಧನದ ಚೆಕ್ಕು ಹೊರಡುವ ಜಾಗ ಅದೊಂದೇ. ಪಿಕಪ್ಪನ್ನು ಹಾರ್ಡ್‌ವೇರ್ ಅಂಗಡಿಯ ಮುಂದೆ ನಿಲ್ಲಿಸಿ, ಮೊಳೆ ಕೊಳ್ಳಲು ಬಂದವರ ಹಾಗೆ ಆಕಾಶ ನೋಡುತ್ತಾ ರಸ್ತೆ ದಾಟಿ, ಹಿಂಬಾಗಿಲಿನಿಂದ ಒಳಗೆ ನುಸುಳುತ್ತಿದ್ದರು. ಬೆಳಿಗ್ಗೆ ಸೊಸೈಟಿಯ ಕಣಜದ ಪಕ್ಕದ ಕಾಫಿ ಮೇಜಿನಲ್ಲಿ ದಾಳ ಉರುಳಿಸಿ, ಸೋತವನ ಖರ್ಚಿನಲ್ಲಿ ಕಾಫಿ ಹೀರುತ್ತಾ, ಪುಕ್ಕಟೆ ತಿನ್ನುವ ಪಟ್ಟಣದ ಸೋಮಾರಿಗಳನ್ನು ಬಾಯಿಗೆ ಬಂದಂತೆ ಬೈಯುವುದು. ಹತ್ತು ಗಂಟೆಗೆ ನನ್ನ ಮುಂದೆ ಬಂದು ಟೋಪಿ ತೆಗೆದು, “ಆರ್ಡಿಸ್, ಅದೇ ಆ ಮಾಮೂಲಿ ಕಾಗದ ಇತ್ತಲ್ಲ...” ಎಂದು ರಾಗ ಎಳೆಯುವುದು. ನಾನೂ ಏನೂ ಅರಿಯದವಳ ಮುಖ ಹಾಕಿಕೊಂಡು ಕಾಗದ ಮುಂದೆ ತಳ್ಳುತ್ತಿದ್ದೆ. ದಕ್ಷಿಣ ಡಕೋಟದ ಈ ಮೂಲೆಯಲ್ಲಿ ತಪ್ಪದೆ ಕೈಗೆ ಬರುವ ಬೆಳೆ ಅಂಚೆಪೆಟ್ಟಿಗೆಯಲ್ಲಿ ಬೆಳೆಯುತ್ತದೆ ಎಂದು ನಮ್ಮಲ್ಲೇ ತಮಾಷೆ. ಯಾರಿಗೆ ಎಷ್ಟು ಬಂತೆಂಬ ಪಟ್ಟಿಯನ್ನು ಯಾರೋ ಇಂಟರ್‌ನೆಟ್ಟಿಗೆ ಹಾಕಿದ ವರ್ಷ ಊರಲ್ಲಿ ಎಲ್ಲರೂ ಅದನ್ನು ಓದಿದರು, ಓದಿದೆನೆಂದು ಒಬ್ಬರೂ ಬಾಯಿ ಬಿಡಲಿಲ್ಲ.

ಎರ್ವಿನ್ ಮೆಲ್‌ಹಾಫ್ ಒಬ್ಬರು ಮಾತ್ರ ಕಚೇರಿಯ ಎದುರಿಗೇ, ಬಾಗಿಲಿಗೆ ಮೂಗು ತಾಗುವ ಹಾಗೆ ಗಾಡಿ ನಿಲ್ಲಿಸುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

“ಏನ್ ಎರ್ವಿನ್, ನಿಮಗೆ ನಾಚಿಕೆ ಗೀಚಿಕೆ ಏನೂ ಇಲ್ವಾ? ಊರಿಗೆ ಊರೇ ಹಿಂಬಾಗಿಲಲ್ಲಿ ಬರುತ್ತೆ.”

“ಇದೆ ಹುಡುಗಿ, ಇಲ್ದೆ ಏನು. ಅದಕ್ಕೇ ಮುಂದೆ ನಿಲ್ಸೋದು. ಬಚ್ಚಿಟ್ಕೊಂಡು ತಗೊಳ್ಳೋ ಹಾಗಿದ್ರೆ ತಗೊಳ್ಳೋದೇ ಬೇಡ.”

ನನಗೆ ಆಗ ನಲವತ್ತು ದಾಟಿತ್ತು. ಅವರ ಬಾಯಲ್ಲಿ ಕೊನೆಯವರೆಗೂ ಹುಡುಗಿಯೇ ಆಗಿದ್ದೆ.

ಅವರ ಅಜ್ಜ ರಷ್ಯಾ ಬಿಟ್ಟು ಬಂದ ಜರ್ಮನ್, ನಮ್ಮೆಲ್ಲರ ಅಜ್ಜಂದಿರ ಹಾಗೆ. ಹೆದ್ದಾರಿ ಪಕ್ಕದ ನೂರಾ ಅರವತ್ತು ಎಕರೆ ಆ ಅಜ್ಜ ಹುಲ್ಲುಗಾವಲು ಒಡೆದು ಮಾಡಿದ ಹೊಲ. ಎರ್ವಿನ್ ಹನ್ನೊಂದನೆಯ ವಯಸ್ಸಿಗೆ ಟ್ರ್ಯಾಕ್ಟರ್ ಹತ್ತಿದರು. ಮೊದಲನೆಯ ದಿನ ಒಂದು ಸಾಲು ಸೊಟ್ಟಗಾಯಿತೆಂದು ಅಪ್ಪ ಟೋಪಿ ತೆಗೆದು ತಲೆಗೆ ಬಾರಿಸಿದರಂತೆ. ಅಂದಿನಿಂದ ಅವರ ಸಾಲು ಸೊಟ್ಟಗಾದದ್ದನ್ನು ಕಂಡವರಿಲ್ಲ. ಬಿತ್ತನೆಯ ದಿನಗಳಲ್ಲಿ ಪ್ರತಿ ಸಾಲಿನ ತುದಿಯಲ್ಲೂ ಇಳಿದು, ಸೊಂಟಕ್ಕೆ ಕೈಕೊಟ್ಟು, ಒಂದು ನಿಮಿಷ ಹಿಂದೆ ತಿರುಗಿ ನೋಡುತ್ತಿದ್ದರು. ಜುಲೈ ಬಿಸಿಲಲ್ಲಿ ಕೈಕುಂಟೆ ಹಿಡಿದು ಸೋಯಾ ಹೊಲದೊಳಗೆ ನಡೆದು ಒಂದೊಂದೇ ಕಳೆ ಕೀಳುತ್ತಿದ್ದರು. ಬೇಲಿಯಾಚೆ ಪಕ್ಕದವನ ಕಳೆ ಕಂಡರೆ ಅದನ್ನೂ ಬಿಡುತ್ತಿರಲಿಲ್ಲ. ಹೆಂಡತಿ ಲಿಯೋನಾ ಚರ್ಚಿನಲ್ಲಿ ಆರ್ಗನ್ ನುಡಿಸುವಾಕೆ, ಮಾತು ಕತ್ತಿಯ ಹಾಗೆ. “ನನ್ನ ಅಡುಗೆಮನೆಗಿಂತ ಅವರ ಹೊಲ ಚೊಕ್ಕ, ಇನ್ನು ಊಟಾನೂ ಅಲ್ಲೇ ಬಡಿಸ್ತೀನಿ” ಎನ್ನುತ್ತಿದ್ದರು. ಮಕ್ಕಳಿರಲಿಲ್ಲ. ಇಬ್ಬರೂ ಬೈದುಕೊಂಡು, ನಕ್ಕುಕೊಂಡು, ಚೆನ್ನಾಗಿಯೇ ಇದ್ದರು.

ಅರವತ್ತೈದಕ್ಕೆ ಎರ್ವಿನ್ನರ ಸೊಂಟದ ಕೀಲು ಸವೆಯಿತು. ಟ್ರ್ಯಾಕ್ಟರ್ ಹತ್ತಿ ಇಳಿಯುವುದು ಪ್ರಾಣಸಂಕಟವಾಯಿತು. ಹೆದ್ದಾರಿ ಪಕ್ಕದ ಹೊಲವನ್ನು ಗುತ್ತಿಗೆಗೆ ಕೇಳಿದ ದೊಡ್ಡ ಕುಳಗಳು ಇದ್ದರು. ಇಳಿಜಾರು ಉತ್ತು ಮಣ್ಣು ತೊಳೆಸಿಬಿಡುತ್ತಾರೆಂದು ಇವರು ಕೊಡಲಿಲ್ಲ. ಬದಲಿಗೆ ನನ್ನ ಮುಂದೆ ಕೂತು ಹತ್ತು ವರ್ಷದ ಹುಲ್ಲಿನ ಕರಾರಿಗೆ ಸಹಿ ಹಾಕಿದರು. ಕರಾರು ಸರಳ: ಹೊಲಕ್ಕೆ ಕಾಡು ಹುಲ್ಲು, ಹೂವಿನ ಬೀಜ ಬಿತ್ತಿ ಬಿಟ್ಟುಬಿಡಬೇಕು. ಉಳಬಾರದು, ಮೇಯಿಸಬಾರದು. ಹಕ್ಕಿಗಳು ಮೊಟ್ಟೆಯಿಡುವ ತಿಂಗಳುಗಳಲ್ಲಿ ಯಂತ್ರ ಒಳಗೆ ಇಳಿಯಕೂಡದು. ಅಷ್ಟಕ್ಕೆ ಸರ್ಕಾರ ವರ್ಷವರ್ಷವೂ ಎಕರೆಗೆ ಇಷ್ಟೆಂದು ಬಾಡಿಗೆ ಕೊಡುತ್ತದೆ.

ಏನೂ ಮಾಡದಿರುವುದು ಸುಲಭ ಎಂದುಕೊಂಡಿರಾ? ಆ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೊಂದಿರಲಿಲ್ಲ. ಹುಲ್ಲಿನ ನಡುವೆ ಆಳೆತ್ತರ ಮುಳ್ಳುಕಳೆ ಎದ್ದಿತು, ನೇರಳೆ ಹೂ ಬಿಟ್ಟಿತು. ಊರಿಗೆ ಬರುವ ಹೋಗುವ ಪ್ರತಿಯೊಬ್ಬನ ಕಣ್ಣಿಗೂ ಬೀಳುವ ಜಾಗ ಬೇರೆ. ಕಾಫಿ ಮೇಜಿನವರು ಬಿಡುತ್ತಾರೆಯೇ!

“ಎರ್ವಿನ್, ಮುಳ್ಳಿನ ಇಳುವರಿ ಈ ಸಲ ಹೆಂಗೆ?”

“ಕೊಯ್ಲಿಗೆ ಆಳು ಬೇಕಾದ್ರೆ ಹೇಳಿ, ಕೈಗವಸು ಹಾಕ್ಕೊಂಡು ಬರ್ತೀವಿ.”

“ನಿಮ್ಮಪ್ಪ ಬದುಕಿದ್ದಿದ್ರೆ ಯಾವ ಟೋಪಿ ತೆಗೀತಿದ್ರೋ!”

ಎರ್ವಿನ್ ನಗುತ್ತಿದ್ದರು. ಆದರೆ ಆ ಹೊಲ ದಾಟುವಾಗ ಅವರು ಪಿಕಪ್ಪಿನ ವೇಗ ಹೆಚ್ಚಿಸುತ್ತಿದ್ದುದನ್ನು ನಾನೇ ಹಿಂದಿನಿಂದ ಬರುತ್ತಾ ನೋಡಿದ್ದೇನೆ. ಪ್ರತಿ ವರ್ಷ ಜುಲೈ ಹುಟ್ಟಿದ ಕೂಡಲೇ ಬಂದು ಒಂದೇ ಪ್ರಶ್ನೆ: “ಹದಿನೈದು ತಾನೇ?” ಮೊಟ್ಟೆಯ ಕಾಲ ಮುಗಿಯುವುದು ಜುಲೈ ಹದಿನೈದಕ್ಕೆ, ಆಮೇಲೆ ಮುಳ್ಳುಕಳೆ ಕತ್ತರಿಸಬಹುದು. “ಹೌದು, ಹದಿನೈದು” ಎಂದು ನಾನೂ ಪ್ರತಿ ವರ್ಷ ಹೇಳುತ್ತಿದ್ದೆ. ಹದಿನಾರನೆಯ ತಾರೀಕು ಬೆಳಗಾಗುವ ಮುಂಚೆ ರಸ್ತೆಯ ಅಂಚಿನ ಕಳೆ ಮಲಗಿರುತ್ತಿತ್ತು.

ಏಳನೆಯ ವರ್ಷ ನಿಯಮ ಬದಲಾಯಿತು. ಮೊಟ್ಟೆಯ ಕಾಲವನ್ನು ಆಗಸ್ಟ್ ಒಂದರವರೆಗೆ ಎಳೆದರು. ಫೆಬ್ರವರಿಯಲ್ಲಿ ಆ ಕಾಗದ ಒಡೆದವಳು ನಾನು. ರೈತರಿಗೆ ಕಳಿಸುವ ಸುದ್ದಿಪತ್ರದ ಮೂರನೆಯ ಪುಟದಲ್ಲಿ ಅದನ್ನು ಟೈಪು ಮಾಡಿದವಳೂ ನಾನು. ಸುದ್ದಿಪತ್ರವನ್ನು ಯಾವನೂ ಓದುವುದಿಲ್ಲ ಎಂದು ಚೆನ್ನಾಗಿ ಬಲ್ಲವಳೂ ನಾನೇ. ಆ ಚಳಿಗಾಲ ನನ್ನ ಗಂಡ ಡುವೇನನ ಕಾಲುಗಳು ಪೂರ್ತಿ ಸೋತಿದ್ದವು. ನರಗಳ ಕಾಯಿಲೆ. ಆಸ್ಪತ್ರೆಗೂ ಕಚೇರಿಗೂ ಓಡಾಡಿ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ ಎನ್ನಬಹುದು. ಎಷ್ಟೋ ಸಲ ಹಾಗೆ ನನಗೆ ನಾನೇ ಅಂದುಕೊಂಡೂ ಇದ್ದೇನೆ.

ಜುಲೈ ಮೊದಲ ವಾರ ಚರ್ಚಿನ ನೆಲಮಾಳಿಗೆಯಲ್ಲಿ ಯಾರದೋ ಸಂಸ್ಕಾರದ ಊಟ. ನಾನು ಮೊಣಕೈವರೆಗೆ ಸಾಬೂನು ನೀರಲ್ಲಿ ಕೈಯಿಟ್ಟು ತಟ್ಟೆ ತಿಕ್ಕುತ್ತಿದ್ದೆ. ಎರ್ವಿನ್ ಖಾಲಿ ಕಪ್ಪು ಹಿಡಿದು ಬಂದರು.

“ಹುಡುಗಿ, ಹದಿನೈದು ತಾನೇ? ಈ ಸಲ ಅಂಚು ಮಾತ್ರ ಅಲ್ಲ, ಪೂರ್ತಿ ಹೊಡೆದುಬಿಡೋಣ ಅಂತ. ಊರಿಗೆ ನೂರಾ ಇಪ್ಪತ್ತೈದು ವರ್ಷ ತುಂಬಿದ ಉತ್ಸವ ಅಲ್ವಾ, ಎಲ್ಲೆಲ್ಲಿಂದಲೋ ಜನ ಬರ್ತಾರೆ. ಆ ಮುಳ್ಳು ನೋಡ್ಕೊಂಡೇ ಒಳಗೆ ಬರ್ಬೇಕಲ್ಲ ಎಲ್ಲರೂ.”

“ಹದಿನೈದು ಕಳೀಲಿ, ಆಮೇಲೆ ಪೂರ್ತಿನಾದ್ರೂ ಹೊಡೀರಿ, ಅರ್ಧನಾದ್ರೂ ಹೊಡೀರಿ. ಕೇಳೋರ್ಯಾರು!”

ತಲೆ ಎತ್ತದೆ ಹೇಳಿದೆ. ಕಚೇರಿಗೆ ಹೋಗಿ ನೋಡಿ ಹೇಳುತ್ತೇನೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ನಿಜ ಹೇಳಬೇಕೆಂದರೆ, ಪುಸ್ತಕ ತೆರೆಯದೆ ಉತ್ತರ ಕೊಡುವುದು ನನಗೆ ಇಷ್ಟ. ಆರ್ಡಿಸ್‌ಗೆ ಎಲ್ಲಾ ಬಾಯಲ್ಲೇ ಇರುತ್ತೆ ಎಂದು ಜನ ಅನ್ನುವುದು ಇನ್ನೂ ಇಷ್ಟ. ತಟ್ಟೆ ತೊಳೆಯುತ್ತಾ ತೊಳೆಯುತ್ತಾ ಒಬ್ಬ ಮನುಷ್ಯನ ಹೊಲ ತೊಳೆದುಬಿಟ್ಟೆ.

ಜುಲೈ ಹದಿನೇಳರಂದು ಎರ್ವಿನ್ ಯಂತ್ರ ಇಳಿಸಿದರು. ಸವೆದ ಸೊಂಟ ಹೊತ್ತು ಎರಡು ದಿನ ಕತ್ತರಿಸಿದರು. ಆ ಭಾನುವಾರ ಉತ್ಸವಕ್ಕೆ ಬಂದವರೆಲ್ಲ ಹೆದ್ದಾರಿಯಲ್ಲಿ ಗಾಡಿ ನಿಧಾನ ಮಾಡಿ ನೋಡಿದರು. ಹುಲ್ಲೇ ಆದರೂ ಸಾಲು ಸಾಲು, ಒಂದಿಷ್ಟೂ ಸೊಟ್ಟವಿಲ್ಲ. ಮೆರವಣಿಗೆಯಲ್ಲಿ ಹಳೆಯ ಟ್ರ್ಯಾಕ್ಟರ್ ಓಡಿಸುತ್ತಾ ಎರ್ವಿನ್ ಜನರ ಕಡೆ ಟೋಪಿ ಬೀಸಿದ್ದನ್ನು ನಾನು ಮೊದಲ ಸಲ ನೋಡಿದೆ. ಏಳು ವರ್ಷದ ಮೇಲೆ ಅವರ ಬೆನ್ನು ನೆಟ್ಟಗಾಗಿತ್ತು.

ಮರುದಿನ ಕಾಡುಕೋಳಿಗಳ ಲೆಕ್ಕಕ್ಕೆ ಬಂದ ಹೊರಗಿನವನೊಬ್ಬ ಆ ಹೊಲದಲ್ಲಿ ನಡೆದ. ಒಡೆದ ಮೊಟ್ಟೆಗಳು, ಯಂತ್ರದ ಅಲಗಿಗೆ ಸಿಕ್ಕ ತಾಯಿಹಕ್ಕಿಗಳು. ಫೋಟೋ ತೆಗೆದು ನೇರವಾಗಿ ರಾಜಧಾನಿಗೆ ಕಳಿಸಿದ. ಅಲ್ಲಿಂದ ನಮ್ಮ ಕಚೇರಿಗೆ ಕಾಗದ ಬಂತು. ಅದರಲ್ಲಿ ಆಗಸ್ಟ್ ಒಂದು ಎಂದು ಓದಿದಾಗಲೇ ನನಗೆ ಫೆಬ್ರವರಿಯ ಕಾಗದ ನೆನಪಾದದ್ದು.

ತಪ್ಪು ಸಾಬೀತಾದರೆ ಕರಾರು ರದ್ದು. ಏಳು ವರ್ಷ ಕೊಟ್ಟದ್ದೆಲ್ಲ ಬಡ್ಡಿ ಸಮೇತ ವಾಪಸ್, ಅರವತ್ತೆಂಟು ಸಾವಿರ ಡಾಲರ್. ಅಷ್ಟು ಹಣ ಹುಟ್ಟಬೇಕಾದರೆ ಎರ್ವಿನ್ ಆ ಹೊಲವನ್ನೇ ಮಾರಬೇಕು. ಪಾರಾಗಲು ಇದ್ದದ್ದು ಒಂದೇ ದಾರಿ. ಕಚೇರಿಯ ಸಿಬ್ಬಂದಿಯೇ ತಪ್ಪು ಮಾಹಿತಿ ಕೊಟ್ಟಿದ್ದರೆ, ಅದನ್ನು ನಂಬಿ ನಡೆದ ರೈತನಿಗೆ ಪೂರ್ತಿ ಮಾಫಿ. ಅದಕ್ಕೆಂದೇ ನಮೂನೆಯಲ್ಲಿ ಒಂದು ಕಲಮು ಇತ್ತು. ನಾನು ಒಂದು ಮಾತು ಹೇಳಿದ್ದರೆ ಮುಗಿದಿತ್ತು.

ಹೇಳಲಿಲ್ಲ. ಆ ವಸಂತದಲ್ಲಿ ಬೇರೊಬ್ಬ ರೈತನ ಅರ್ಜಿ ತಡ ಮಾಡಿದ್ದಕ್ಕೆ ಮೇಲಧಿಕಾರಿ ನನಗೆ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. ಡುವೇನನ ಒಂದು ತಿಂಗಳ ಸೂಜಿಮದ್ದಿಗೆ ನನ್ನ ಮೂರು ತಿಂಗಳ ಸಂಬಳ ಸಾಲದು. ವಿಮೆ ಬರುತ್ತಿದ್ದದ್ದು ನನ್ನ ಕೆಲಸದಿಂದ. ಕೆಲಸ ಹೋದರೆ ಅವನ ಗತಿ? ಹೀಗೆ ಲೆಕ್ಕ ಹಾಕಿದೆ. ಒಂದು ತಪ್ಪು ಉತ್ತರಕ್ಕೆ ಕೆಲಸ ಹೋಗುವುದಿಲ್ಲ, ಕಡತದಲ್ಲಿ ಇನ್ನೊಂದು ಕಾಗದ ಸೇರುತ್ತದೆ ಅಷ್ಟೇ ಎಂದು ಆಮೇಲೆ ತಿಳಿಯಿತು. ಆಮೇಲೆ ಎಂದೆನೇ? ಸುಳ್ಳು. ಅರ್ಧ ಆಗಲೇ ಗೊತ್ತಿತ್ತು. ಇನ್ನರ್ಧ ಕೇಳಿ ತಿಳಿಯುವ ಧೈರ್ಯ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಸಮಿತಿ ಸೇರಿತು. ಸಮಿತಿ ಎಂದರೆ ರೈತರೇ ಓಟು ಹಾಕಿ ಆರಿಸಿದ ಮೂವರು ರೈತರು; ನೆರೆಯವನ ಹಣೆಬರಹವನ್ನು ನೆರೆಯವರೇ ಬರೆಯಬೇಕು. ಅಧ್ಯಕ್ಷ ಮಿಲ್ಬರ್ಟ್ ರಾಟ್, ನನ್ನ ಜೊತೆ ಶಾಲೆ ಓದಿದವನು. ಕಚೇರಿಯ ಹಿಂದಿನ ಕೋಣೆ, ಉದ್ದ ಮೇಜು. ಎರ್ವಿನ್ ಒಗೆದ ಅಂಗಿ ಹಾಕಿ, ಟೋಪಿಯನ್ನು ಮೊಣಕಾಲ ಮೇಲಿಟ್ಟು ಕೂತಿದ್ದರು. ನಡಾವಳಿ ಬರೆದುಕೊಳ್ಳುವ ಕೆಲಸ ನನ್ನದು. ಅವರಿಂದ ನಾಲ್ಕಡಿ ದೂರದಲ್ಲಿ ಪೆನ್ನು ಹಿಡಿದಿದ್ದೆ.

ಮಿಲ್ಬರ್ಟ್ ಕೆಟ್ಟವನಲ್ಲ. ಆ ಹೊಲ ಹೋಗಬಾರದೆಂದು ಅವನಿಗೂ ಇತ್ತು.

“ನೋಡಿ ಎರ್ವಿನ್, ಫೋಟೋ ರಾಜಧಾನಿಗೆ ಹೋಗಿಬಿಟ್ಟಿದೆ. ನಮ್ಮ ಕೈ ಕಟ್ಟಿದೆ. ಆದ್ರೆ ಇಲ್ಲೊಂದು ಕಲಮು ಇದೆ. ಹದಿನೈದಾದ್ಮೇಲೆ ಕತ್ತರಿಸ್ಬಹುದು ಅಂತ ಈ ಕಚೇರಿಯವರು ಯಾರಾದ್ರೂ ನಿಮಗೆ ಹೇಳಿದ್ರಾ? ಹೌದು ಅಂದ್ರೆ ಎಲ್ಲಾರೂ ಎದ್ದು ಮನೆಗೆ ಹೋಗ್ಬಹುದು.”

“ಇಲ್ಲ,” ಎಂದರು ಎರ್ವಿನ್.

ಮಿಲ್ಬರ್ಟ್ ಮುಂದಕ್ಕೆ ಬಾಗಿದ.

“ಆತುರ ಬೇಡ. ಕಚೇರಿಯಲ್ಲೇ ಆಗ್ಬೇಕು ಅಂತಿಲ್ಲ. ರಸ್ತೇಲಿ, ಚರ್ಚಲ್ಲಿ, ಎಲ್ಲಾದ್ರೂ ಸರಿ. ಬಾಯಿಮಾತಲ್ಲಿ ಯಾರಾದ್ರೂ?”

ಈ ಸಲ ಎರ್ವಿನ್ ನನ್ನ ಕಡೆ ತಿರುಗಿದ್ದು ನೋಡದೆಯೇ ಗೊತ್ತಾಯಿತು. ನಾನು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ತೆಗೆದೆ. ಪೆನ್ನಿನ ತುದಿಯನ್ನೇ ನೋಡುತ್ತಿದ್ದೆ.

“ಇಲ್ಲ ಮಿಲ್ಬರ್ಟ್. ಯಾರೂ ಇಲ್ಲ.”

‘ಕಚೇರಿಯ ಯಾರೂ ತಮಗೆ ತಪ್ಪು ಮಾಹಿತಿ ನೀಡಿಲ್ಲವೆಂದು ರೈತರು ಎರಡು ಬಾರಿ ತಿಳಿಸಿದರು.’ ಇದು ನಾನು ಬರೆದ ವಾಕ್ಯ. ದುಂಡನೆಯ ಅಕ್ಷರ, ಚಿತ್ತಿಲ್ಲ, ಕಾಟಿಲ್ಲ. ಕೊನೆಯಲ್ಲಿ ನನ್ನ ಸಹಿ.

ಎರ್ವಿನ್ ಎದ್ದು ಮೂವರ ಕೈ ಕುಲುಕಿದರು. ನನ್ನ ಕೈಯನ್ನೂ. “ಬರ್ತೀನಿ ಆರ್ಡಿಸ್” ಎಂದರು. ಹುಡುಗಿ ಎನ್ನಲಿಲ್ಲ ಎಂಬುದನ್ನು ಗಮನಿಸಿದೆ, ಗಮನಿಸಲಿಲ್ಲವೆಂದು ನಟಿಸಿದೆ.

ಮನೆಗೆ ಹೋಗಿ ಡುವೇನನಿಗೆ ಹೇಳಿದೆ. ಅವನು ಗೋಡೆ ಕಡೆ ನೋಡುತ್ತಾ ಮಲಗಿದ್ದ. “ಅವರು ನಮಗೋಸ್ಕರ ಹಾಗೆ ಮಾಡಿದ್ರು ಕಣೇ. ನನ್ನ ವಿಷಯ ಊರಿಗೆಲ್ಲ ಗೊತ್ತಲ್ಲ. ದೇವರಂಥ ಮನುಷ್ಯ” ಎಂದ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರದು ತ್ಯಾಗ, ನನ್ನದು ಋಣ. ಋಣ ಹೊರುವುದು ಅಷ್ಟೇನೂ ಕಷ್ಟವಲ್ಲ. ಋಣಕ್ಕೆ ಕೂಕೆನ್, ನಮ್ಮ ಜರ್ಮನ್ ಸಿಹಿ ಕೇಕು, ಬೇಯಿಸಿಕೊಂಡು ಹೋಗಬಹುದು. ಹೋದೆ ಕೂಡ, ಒಣ ಆಪ್ರಿಕಾಟಿನದು, ಗಿಣ್ಣಿನದು, ಪ್ರತಿ ಹಬ್ಬಕ್ಕೂ ಎರಡೆರಡು. ಲಿಯೋನಾ ತಟ್ಟೆ ತೊಳೆದು ವಾಪಸ್ ಕಳಿಸುತ್ತಿದ್ದರು.

ಆ ಹಣ ತುಂಬಲು ಚಳಿಗಾಲದಲ್ಲಿ ಹೊಲ ಹರಾಜಾಯಿತು. ಕೊಂಡವನು ವಸಂತಕ್ಕೆ ಹುಲ್ಲು ಉತ್ತು ಮೆಕ್ಕೆಜೋಳ ಹಾಕಿದ. ಎರ್ವಿನ್ ಉಳಿದ ನೆಲವನ್ನೂ ಗುತ್ತಿಗೆಗೆ ಕೊಟ್ಟು, ಲಿಯೋನಾ ಜೊತೆ ಊರೊಳಗೆ ಒಂದು ಸಣ್ಣ ಮನೆಗೆ ಬಂದರು. ಕಾಫಿ ಮೇಜಿಗೆ ಹೋಗುವುದು ನಿಂತಿತು. ರಸ್ತೆಯಲ್ಲಿ ಎದುರಾದರೆ ಸ್ಟಿಯರಿಂಗಿನ ಮೇಲಿನಿಂದ ಒಂದು ಬೆರಳು ಎತ್ತಿ, ಎಲ್ಲರಿಗೂ ಮಾಡುವಂತೆ ನನಗೂ ನಮಸ್ಕಾರ ಮಾಡುತ್ತಿದ್ದರು. ಬೈದಿದ್ದರೆ ವಾಸಿಯಿತ್ತು.

ಊರಲ್ಲಿ ಉಳಿದ ಕಥೆ ಒಂದೇ: ಮೂರನೆಯ ಪುಟ ಓದದೆ ಅಜ್ಜನ ಹೊಲ ಕಳೆದ ಎರ್ವಿನ್. ಲಿಯೋನಾ ಅದನ್ನು ಹಾಡು ಮಾಡಿಕೊಂಡಿದ್ದರು. ಒಂದು ಭಾನುವಾರ ಚರ್ಚಿನಲ್ಲಿ ಹೆಂಗಸರೆಲ್ಲ ನೆಫ್ಲಾ ಸೂಪಿಗೆ ನಾದಿದ ಹಿಟ್ಟನ್ನು ಚೂರು ಚೂರಾಗಿ ಕತ್ತರಿಸುತ್ತಿದ್ದಾಗ ಎರ್ವಿನ್ ಯಾವುದೋ ಪ್ರಕಟಣೆಯ ಹಾಳೆ ತಂದು ಗೋಡೆಗೆ ಅಂಟಿಸಲು ಬಂದರು.

“ಕೊಡಿ ಇಲ್ಲಿ, ನಾನು ಓದಿ ಅಂಟಿಸ್ತೀನಿ,” ಎಂದರು ಲಿಯೋನಾ, ಎಲ್ಲರಿಗೂ ಕೇಳುವಂತೆ. “ನೀವು ಓದದೆ ಅಂಟಿಸಿದ್ರೆ ಚರ್ಚೂ ಮಾರ್ಬೇಕಾಗುತ್ತೆ.”

ಅಡುಗೆಮನೆ ಪೂರ್ತಿ ನಕ್ಕಿತು. ನಾನೂ ನಕ್ಕೆ. ಎರ್ವಿನ್ ಹಾಳೆ ಕೊಟ್ಟು, ನೆಲ ನೋಡುತ್ತಾ ಹೊರಗೆ ಹೋದರು. ಇದೊಂದನ್ನು ಬರೆಯದೆ ಬಿಡೋಣ ಎಂದು ಎರಡು ದಿನ ಕೈ ತಡೆದಿದ್ದೆ. ನಕ್ಕದ್ದು ನಿಜ. ಬರೆಯಲೇಬೇಕು.

ಸಮಿತಿ ಸೇರಿದ ಐದನೆಯ ವರ್ಷ ಡುವೇನ್ ತೀರಿಕೊಂಡ. ವಿಮೆಯ ನೆಪ ಅವನ ಜೊತೆಗೇ ಮಣ್ಣಾಯಿತು. ಆಗಲಾದರೂ ಹೇಳಿದೆನೇ? ಇಲ್ಲ. ನಿವೃತ್ತಿಗೆ ಇನ್ನು ಸ್ವಲ್ಪ ದಿನ, ಆಮೇಲೆ ಹೇಳೋಣ ಎಂದೆ. ನಿವೃತ್ತಿಯೂ ಆಯಿತು. ಕೇಕು ಕತ್ತರಿಸಿ, ‘ಮೂವತ್ತೊಂದು ವರ್ಷಗಳ ಪ್ರಾಮಾಣಿಕ ಸೇವೆಗೆ’ ಎಂದು ಕೆತ್ತಿದ ಫಲಕ ಕೊಟ್ಟರು. ಅದನ್ನು ಗೋಡೆಗೆ ತೂಗುಹಾಕಲು ಮೊಳೆ ಹೊಡೆದೆ, ತೂಗುಹಾಕಲು ಆಗಲಿಲ್ಲ. ಮೊಳೆ ಇನ್ನೂ ಅಲ್ಲೇ ಇದೆ.

ಸಮಿತಿ ಸೇರಿ ಒಂಬತ್ತು ವರ್ಷವಾದ ಮೇಲೆ, ಜೂನಿನ ಒಂದು ದಿನ ಮಧ್ಯಾಹ್ನದ ಊಟಕ್ಕೆ ಸ್ವಲ್ಪ ಮುಂಚೆ, ಕೂಕೆನ್ ಗೀಕೆನ್ ಏನೂ ಇಲ್ಲದೆ ಬರಿಗೈಯಲ್ಲಿ ಅವರ ಮನೆಗೆ ಹೋದೆ. ಎರ್ವಿನ್ ಹಿತ್ತಲಲ್ಲಿ ಹುರುಳಿಕಾಯಿ ಗಿಡಗಳ ನಡುವೆ ಕೈಕುಂಟೆ ಆಡಿಸುತ್ತಿದ್ದರು. ಎಂಬತ್ತೊಂದು ವರ್ಷ. ನಿಂತಲ್ಲೇ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಪೀಠಿಕೆಯೆಲ್ಲ ಮರೆತು, ಒದರಿಬಿಟ್ಟೆ.

“ಎರ್ವಿನ್, ಹದಿನೈದು ಅಂದವಳು ನಾನು. ಆ ದಿನ ಸಮಿತಿಯಲ್ಲಿ ಬಾಯಿ ಬಿಡ್ಲಿಲ್ಲ. ನೀವು ನಮ್ಮ ಡುವೇನ್‌ಗೋಸ್ಕರ ಹೊಲ ಕಳ್ಕೊಂಡ್ರಿ. ನಾನು ಒಂದು ಥ್ಯಾಂಕ್ಸೂ ಹೇಳ್ಲಿಲ್ಲ.”

ಕುಂಟೆ ನಿಂತಿತು.

“ಡುವೇನ್‌ಗೋಸ್ಕರಾನಾ?” ಎಂದರು. “ಅವನ ನೆನಪೇ ಬರ್ಲಿಲ್ಲ ನಂಗೆ.”

“ಮತ್ತೆ ಯಾಕೆ ಇಲ್ಲ ಅಂದ್ರಿ?”

“ಯಾಕೆ ಅಂದ್ರೆ? ನೀನೇ ಅಲ್ಲಿ ಕೂತಿದ್ಯಲ್ಲ! ಮುಂದೇನೇ ಕೂತಿರೋಳನ್ನ ನಾನು ಬೆರಳು ಮಾಡಿ ತೋರಿಸ್ಲಾ? ಮನೆಗೆ ಬಂದೋರಿಗೆ ಕಾಫಿ ಬೇಕಾ ಅಂದ್ರೆ ಬೇಡ ಅಂತಾರೆ. ಮತ್ತೆ ಕೇಳಿದ್ರೆ ಮತ್ತೆ ಬೇಡ ಅಂತಾರೆ. ಅಷ್ಟಕ್ಕೇ ಕೆಟಲು ಇಳಿಸಿಬಿಡ್ತೀಯಾ ನೀನು? ಮೂರನೇ ಸಲ ಕೇಳಲ್ವಾ? ಯಾವ ಊರಲ್ಲಿ ಬೆಳೆದೋಳು ನೀನು?”

ನಮ್ಮಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಮರ್ಯಾದೆ ಅದು. ಮೊದಲ ಬೇಡ, ಎರಡನೆಯ ಬೇಡ ಮನೆಗೆ ಬಂದವರ ಪಾಲಿನವು. ಮೂರನೆಯ ಸಲ ಕೇಳುವುದು ಮನೆಯವರ ಪಾಲಿನ ಮಾತು.

“ಮಿಲ್ಬರ್ಟ್ ಎರಡು ಸಲ ಕೇಳ್ದ,” ಎಂದರು ಎರ್ವಿನ್. “ನಾನು ನಿನ್ನ ಕಡೆ ತಿರುಗ್ದೆ. ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ ಕಾದೆ. ನೀನು ಪೆನ್ನು ನೋಡ್ತಾ ಇದ್ದೆ. ಎದ್ದು ಬಂದ ಮೇಲೂ ಒಂದು ವಾರ ಕಾದೆ. ಹೊಲ ಹರಾಜಾಗೋ ದಿನ ಬೆಳಿಗ್ಗೆವರೆಗೂ ಕಾದೆ ಹುಡುಗಿ. ನೀನು ಕೂಕೆನ್ ತಂದೆ.”

ಸಿಟ್ಟಿನ ದನಿಯಲ್ಲ. ತ್ಯಾಗವೂ ಇರಲಿಲ್ಲ, ಋಣವೂ ಇರಲಿಲ್ಲ. ಒಬ್ಬ ಮನುಷ್ಯ ನನ್ನ ಮೇಲೆ ನಂಬಿಕೆಯಿಟ್ಟು ಕಾದಿದ್ದ, ಅಷ್ಟೇ. ಅವನು ದೇವರಂಥವನೆಂದು ಒಂಬತ್ತು ವರ್ಷ ಹೇಳಿಕೊಂಡು ನಾನು ಅನ್ನ ತಿಂದಿದ್ದೆ.

“ನಾನು ರಾಜಧಾನಿಗೆ ಬರೀತೀನಿ. ಸಹಿ ಹಾಕಿ ಕೊಡ್ತೀನಿ,” ಎಂದೆ.

“ಮೇಲ್ಮನವಿಯ ಅವಧಿ ಮುಗಿದು ಯಾವ ಕಾಲವಾಯ್ತು, ನನಗಿಂತ ನಿಂಗೇ ಚೆನ್ನಾಗಿ ಗೊತ್ತು. ರಾಜಧಾನಿಗೆ ಬೇಡ. ಒಳಗೆ ಹೋಗಿ ಲಿಯೋನಾಗೆ ಹೇಳು.”

“ಅವರಿಗೆ ನೀವು ಹೇಳಿಲ್ವಾ?”

“ನಾನು ಹೇಳಿದ್ರೆ ನೆಪ ಹುಡುಕ್ದ ಹಾಗಾಗುತ್ತೆ. ಅದು ನಿನ್ನ ಮಾತು.”

ಮತ್ತೆ ಕುಂಟೆ ಆಡತೊಡಗಿತು. ನಾನು ಮೆಟ್ಟಿಲು ಹತ್ತಿ ಅಡುಗೆಮನೆಗೆ ಹೋದೆ. ಲಿಯೋನಾ ಆಲೂಗಡ್ಡೆ ಹೆಚ್ಚುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ: ಚರ್ಚಿನ ತಟ್ಟೆ, ಹದಿನೈದು, ಮಿಲ್ಬರ್ಟ್ ಎರಡು ಸಲ ಕೇಳಿದ್ದು, ನಾನು ಬರೆದ ವಾಕ್ಯ. ಅವರು ನನ್ನ ಮೇಲೆ ಹಾಯುತ್ತಾರೆ ಎಂದುಕೊಂಡಿದ್ದೆ. ಹಾಯಲಿ ಎಂದೇ ಕಾಯುತ್ತಿದ್ದೆ. ಅವರು ಚಾಕು ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಮೇಜಿನ ಮೂಲೆಯಲ್ಲಿ ಆ ದಿನ ಬಂದ ಅಂಚೆ ಒಡೆಯದೆ ಬಿದ್ದಿತ್ತು. ಅದರ ಕಡೆ ಕೈ ತೋರಿಸಿದರು.

“ಅದೇನು ಗೊತ್ತಾ? ಒಂಬತ್ತು ವರ್ಷದಿಂದ ದಿನಾ ಊಟಕ್ಕೆ ಮುಂಚೆ ಅವರ ಕೈಲಿ ಗಟ್ಟಿಯಾಗಿ ಓದಿಸ್ತೀನಿ ನಾನು. ಒಂದೊಂದು ಕಾಗದಾನೂ. ಕರೆಂಟ್ ಬಿಲ್ಲು, ಅಂಗಡಿ ಜಾಹೀರಾತು, ಎಲ್ಲಾ. ಇಲ್ಲೇ ನಿಂತ್ಕೊಂಡು ಓದ್ತಾರೆ. ಒಂದು ಸಾಲು ಬಿಟ್ರೆ ಮತ್ತೆ ಮೊದಲಿಂದ ಓದಿಸ್ತೀನಿ. ಒಂದು ದಿನಾನೂ ಆಗಲ್ಲ ಅನ್ಲಿಲ್ಲ ಆರ್ಡಿಸ್, ಒಂದು ದಿನಾನೂ.”

ಹೊರಗೆ ಕುಂಟೆಯ ಸದ್ದು ನಿಂತಿತು. ಹಿತ್ತಲ ನಲ್ಲಿಯಲ್ಲಿ ಎರ್ವಿನ್ ಕೈ ತೊಳೆಯುವುದು ಕೇಳಿಸಿತು. ಊಟದ ಹೊತ್ತಾಗಿತ್ತು. ಲಿಯೋನಾ ನನ್ನ ತೋಳು ಹಿಡಿದುಕೊಂಡರು.

“ಈಗ ಒಳಗೆ ಬರ್ತಾರೆ. ಬಂದು ಆ ಕಾಗದ ಕೈಗೆ ತಗೋತಾರೆ. ನಾನು ಏನಂತ ಹೇಳ್ಲಿ? ನೀನೇ ಹೇಳು, ಏನಂತ ಹೇಳ್ಲಿ ನಾನು ಅವರಿಗೆ?”